ಮೂರನೆಯವಳ ಹೆಸರು

ನಮಗೆ ಮೂರನೆಯದೂ ಹೆಣ್ಣೇ ಆಯಿತು. ನಾಮಕರಣದ ದಿನ ಕೂಸಿನ ಕಿವಿಯಲ್ಲಿ ನಾನು ಮೂರು ಸಲ ‘ಇತಿಶ್ರೀ’ ಎಂದೆ.

“ಯಾರಿಗೂ ಇಲ್ಲದ ಹೆಸರು ಕಣಯ್ಯ! ಎಲ್ಲಿಂದ ತಂದೆ?” ಎಂದು ಭಾವ ಬೆನ್ನು ತಟ್ಟಿದರು. ಹೆಂಡತಿ ತಲೆಯೆತ್ತಲಿಲ್ಲ. ಅವಳಿಗೆ ಗೊತ್ತಿತ್ತು.

ಅವ್ವ ತೊಟ್ಟಿಲು ತೂಗುತ್ತ ಕೇಳಿದಳು, “ಹಂಗಂದ್ರೇನೋ?”

“ಸಂಸ್ಕೃತ ಕಣವ್ವ. ಶ್ರೀ ಅಂದ್ರೆ ಲಕ್ಷ್ಮಿ.”

“ಅದು ನಂಗೂ ಗೊತ್ತು. ಇತಿ ಅಂದ್ರೆ?”

ನೆಂಟರೆಲ್ಲ ನನ್ನತ್ತ ನೋಡಿದರು.

“ಮುಗೀತು ಅಂತ,” ಎಂದೆ, ನೆಲ ನೋಡುತ್ತ.

ಅವ್ವ ಕೂಸನ್ನು ಎತ್ತಿಕೊಂಡಳು.

“ನಮ್ಮಪ್ಪಂಗೆ ಸಂಸ್ಕೃತ ಬರ್ತಿರ್ಲಿಲ್ಲ ಕಣೋ. ಅದ್ಕೇ ನಂಗೆ ಸಾಕಮ್ಮ ಅಂತ ಇಟ್ಟ.”