ಕಾಯಿ ಕಟ್ಟಿದ ಲಿಲ್ಲಿ

“ನಮ್ಮ ಲಿಲ್ಲಿ ಬಸುರಿ ಕಣ್ರೀ,” ಎಂದಳು ಆಸ್ಪತ್ರೆಯ ತೋಟ ನೋಡಿಕೊಳ್ಳುವವಳು. ಪಾಳಿ ಮುಗಿಸಿ ಬಂದು ಗೇಟಿನ ಬಳಿ ಚಹಾ ಕುಡಿಯುತ್ತಿದ್ದ ಬಸ್ ಡ್ರೈವರ್ ಗಂಡನಿಗೆ ಚಹಾ ನೆತ್ತಿಗೇರಿತು.

“ಯಾರೇ ಅದು? ಹೊಸ ನರ್ಸಾ?”

ತಮಾಷೆ ಕೇಳುವ ತಾಳ್ಮೆ ಅವಳಿಗೆಲ್ಲಿ? ಕೈ ಹಿಡಿದು ಅವನನ್ನು ಅಂಗಳಕ್ಕೆ ಎಳೆದುಕೊಂಡೇ ಹೋದಳು. ರೋಗಿಗಳ ಕಿಟಕಿಗಳ ಕೆಳಗೆ ಉದ್ದಕ್ಕೂ ಕೆಂಪು ಲಿಲ್ಲಿಯ ಪಾತಿ. ಹೂವಿನ ಕಾಲ ಮುಗಿದಿತ್ತು, ಅರ್ಧಕ್ಕರ್ಧ ಗಿಡಗಳು ಬುಡ ಕೊಳೆತು ಮಲಗಿದ್ದವು. ಎಂದೋ ಹಡಗಿನಲ್ಲಿ ಪರದೇಶದಿಂದ ಬಂದ ಒಂದೇ ಗೆಡ್ಡೆಯನ್ನು ಬಿಡಿಸಿ ಬಿಡಿಸಿ ನೆಟ್ಟವು ಇವೆಲ್ಲ. ನೋಡಲು ನೂರಾರು, ಹುಟ್ಟಿನಲ್ಲಿ ಒಂದೇ ಜೀವ. ಒಂದನ್ನು ಕೊಂದ ಕೊಳೆರೋಗ ಯಾವುದನ್ನೂ ಬಿಡುತ್ತಿರಲಿಲ್ಲ. ಪಾತಿ ಪೂರ್ತಿ ಕೈಬಿಟ್ಟು ಹೋಗುತ್ತದೆಂಬ ಸಂಕಟಕ್ಕೆ ಅವಳಿಗೆ ಈಚೆಗೆ ಊಟವೇ ಸೇರುತ್ತಿರಲಿಲ್ಲ.

ಮೂಲೆಯ ಗಿಡದ ದಂಟಿನ ತುದಿಯಲ್ಲಿ ಮೂರು ಹೋಳಾಗಿ ಉಬ್ಬಿದ ಹಸಿರು ಕಾಯಿಯೊಂದಿತ್ತು. ಅವಳು ಅದರ ಕೆಳಗೆ ಅಂಗೈ ಹಿಡಿದು, ಯಾರೋ ಮಲಗಿರುವ ಕೋಣೆಯಲ್ಲಿ ಮಾತಾಡುವಂತೆ ಪಿಸುಗುಟ್ಟಿದಳು.

“ಇದು ತನ್ನ ಪರಾಗಕ್ಕೆ ತಾನೇ ಕಾಯಿ ಕಟ್ಟೋ ಜಾತಿ ಅಲ್ಲ. ಇಷ್ಟು ವರ್ಷದಲ್ಲಿ ಒಂದು ಸಲಾನೂ ಕಟ್ಟಿಲ್ಲ. ಬೇರೆ ಹುಟ್ಟಿನ ಲಿಲ್ಲಿ ಎಲ್ಲೋ ಹತ್ತಿರದಲ್ಲೇ ಇದೆ. ಅಲ್ಲಿಂದ ದುಂಬಿ ಬಂದಿದೆ.”

“ಅಂದ್ರೆ ಹೊರಗಿನವನ ಕೈವಾಡ ಅನ್ನು,” ಎಂದು ಗಂಡ ಛೇಡಿಸಿದ. ಆಮೇಲೆ ತಲೆ ಕೆರೆದುಕೊಂಡ. “ಏ, ಇರು. ಸಿಗ್ನಲ್ ಹತ್ರ ದಿನಾ ಬಸ್ಸು ನಿಲ್ಲುತ್ತಲ್ಲ, ಅಲ್ಲೊಂದು ಮಹಡಿ ಮನೆ ಬಾಲ್ಕನೀಲಿ ಇಂಥದ್ದೇ ಹೂವಿತ್ತು. ಕೆಂಪಲ್ಲ. ಬೆಳ್ಳಗೆ, ಮೇಲೆ ಯಾರೋ ಕುಂಚ ಒರೆಸಿದ ಹಾಗೆ ಗೆರೆ.”

ಅವಳು ಕೈಯ ಮಣ್ಣನ್ನೂ ತೊಳೆಯದೆ ಹೊರಟಳು. ಸಂಜೆಯ ಬಿಸಿಲು ಬೀದಿಯ ಮೇಲೆ ಹಳದಿ ಪುಡಿಯಂತೆ ಕೂತಿತ್ತು. ದುಂಬಿ ಬಂದ ದಾರಿಯಲ್ಲೇ ತಾನು ಹಿಂದಕ್ಕೆ ಹೋಗುತ್ತಿದ್ದೇನೆ ಅನ್ನಿಸಿ ಅವಳ ಕಾಲು ನೆಲ ಮರೆಯಿತು. ಈ ಛಾವಣಿ ದಾಟಿತ್ತೋ, ಆ ತಂತಿಗಳ ನಡುವೆ ನುಸುಳಿತ್ತೋ, ಒಣಗಲು ಹಾಕಿದ ಆ ನೀಲಿ ಹೊದಿಕೆಯ ಮೇಲೆ ಒಂದು ಗಳಿಗೆ ಕೂತು ದಣಿವಾರಿಸಿಕೊಂಡಿತ್ತೋ. ಹಾರ್ನುಗಳು ಎಲ್ಲೋ ದೂರದಲ್ಲಿ ಕೇಳಿಸುತ್ತಿದ್ದವು. ಗಂಡನೇ ರಟ್ಟೆ ಹಿಡಿದು ಅವಳನ್ನು ರಸ್ತೆ ದಾಟಿಸಬೇಕಾಯಿತು.

ಮಹಡಿ ಮನೆಯ ಬಾಗಿಲು ತೆರೆದವಳು ಬಟ್ಟೆ ಹೊಲಿಯುವ ಹೆಂಗಸು. ಕತ್ತಿನಲ್ಲಿ ಅಳತೆಯ ಟೇಪು ಜೋತುಬಿದ್ದಿತ್ತು.

“ಅಯ್ಯೋ, ಆ ಕುಂಡಾನಾ? ಕೆಂಪು ಅಂತ ತಂದೆ, ಬಿಟ್ಟಿದ್ದು ನೋಡಿದ್ರೆ ಬಿಳಿ, ಮೇಲೆ ಗೆರೆ ಬೇರೆ. ಅಂಗಡಿಯವನು ಟೋಪಿ ಹಾಕಿದ ಅಂತ ಬೈಕೊಂಡು ಕಸಕ್ಕೆ ಹಾಕೋಣ ಅಂತಿದ್ದೆ. ಬೇಕಾದ್ರೆ ತಗೊಂಡು ಹೋಗಿ ಅಕ್ಕಾ.”

ಕುಂಡ ಬಾಗಿಲ ಹಿಂದೆಯೇ ಇತ್ತು, ಎಲೆ ಬಾಡಿಸಿಕೊಂಡು. ತೋಟದವಳು ಅದನ್ನು ಎದೆಗವಚಿಕೊಂಡಳು. ಬಾಡಿದ ಎಲೆಗಳನ್ನು ಒಂದೊಂದಾಗಿ ನೇವರಿಸತೊಡಗಿದಳು. ಕೊಳೆರೋಗದ ಕಥೆಯನ್ನೂ ಕಾಯಿಯ ಕಥೆಯನ್ನೂ ಗಂಡನೇ ಹೇಳಬೇಕಾಯಿತು.

“ಇದರಿಂದ ನಿಮ್ಮ ಕೆಂಪು ಲಿಲ್ಲಿ ಉಳಿಯುತ್ತಾ?” ಹೊಲಿಗೆಯವಳು ಕೇಳಿದಳು.

“ಇಲ್ಲ. ಅದು ಹೋಗುತ್ತೆ,” ಎಂದಳು ತೋಟದವಳು. ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. “ಆದ್ರೆ ಆ ಕಾಯಿ ಒಡೆದು ಬೀಜ ಬಿತ್ತಿದ್ರೆ ಹುಟ್ಟೋವು ಒಂದೊಂದೂ ಒಂದೊಂದು ಥರ. ಅವುಗಳಲ್ಲೂ ಕೆಲವು ಕೊಳೀಬಹುದು. ಎಲ್ಲಾ ಒಟ್ಟಿಗೆ ಸಾಯಲ್ಲ.”

“ಮತ್ತೆ ಯಾವ ಬಣ್ಣ ಬರುತ್ತೆ?”

ಯಾವ ಗೆಡ್ಡೆ ಕೈಗಿಟ್ಟರೂ ಅದರ ಬಣ್ಣ ಹೇಳಿಬಿಡುತ್ತಿದ್ದವಳು ಥಟ್ಟನೆ ಬಾಯಿ ತೆರೆದಳು. ಹಾಗೇ ಕುಂಡದ ಅಂಚಿಗೆ ಗದ್ದ ಊರಿ ನಗತೊಡಗಿದಳು.

“ಗೊತ್ತಿಲ್ಲ,” ಎಂದಳು. ಆ ಮಾತು ಅವಳಿಗೆ ಎಷ್ಟು ಹಿಡಿಸಿತೆಂದರೆ, ಪ್ರಶ್ನೆಯನ್ನೇ ಕೇಳದಿದ್ದ ಗಂಡನ ಕಡೆಗೂ ತಿರುಗಿ ಇನ್ನೊಮ್ಮೆ ಹೇಳಿದಳು: “ನಂಗೆ ಗೊತ್ತೇ ಇಲ್ಲ ಕಣ್ರೀ!”