ಎದುರಿನ ಪಾರ್ಕಿನ ಚಪ್ಪರ

"ನೆರಳಿಗೆ ಯಾರ್ರೀ ಟಿಕೆಟ್ ತಗೋತಾರೆ, ಮಮತಾ?" ಎಂದರು ವಾಟರ್ ಪಾರ್ಕಿನ ಯಜಮಾನ ನರೇಂದ್ರ, ಕಣ್ಣಿಗೆ ಹಿಡಿದ ದುರ್ಬೀನನ್ನು ಇಳಿಸದೆ. ಮೈಸೂರು ಹೆದ್ದಾರಿಯ ಆಚೆ, ಎದುರಿನ ಪಾರ್ಕಿನಲ್ಲಿ ಹೊಸ ಜಾರುಬಂಡೆ ಮೇಲೇಳುತ್ತಿತ್ತು. "ನೋಡಿ, ನಮ್ದಕ್ಕಿಂತ ಎತ್ತರ. ನಾವು ಅದಕ್ಕೂ ಮೇಲೆ ಹೋಗ್ಬೇಕು."

ಎಂಜಿನಿಯರ್ ಮಮತಾ ಕಿಟಕಿಯಿಂದ ಕೆಳಗೆ ನೋಡಿದಳು. ಅಲೆಗಳ ಕೊಳದ ಪಕ್ಕ, ಕಾದ ಸಿಮೆಂಟಿನ ಮೇಲೆ, ಕಲ್ಯ ಎಂಬ ಹಳ್ಳಿಯಿಂದ ಬಂದ ಅಂಕಮ್ಮ ಕೂತಿದ್ದರು. ಮೊಮ್ಮಕ್ಕಳು ನೀರಿನಲ್ಲಿ, ಅವರ ಚಪ್ಪಲಿ, ಟವೆಲ್ಲು, ಊಟದ ಡಬ್ಬಿಗಳಿಗೆಲ್ಲ ಅಜ್ಜಿಯೇ ಕಾವಲು. ಮಗ್ಗುಲಲ್ಲಿ ಮಲಗಿದ್ದ ಯಾರದೋ ಕೂಸಿಗೆ ಬಿಸಿಲು ತಾಗದಂತೆ ಬೆನ್ನು ಬಾಗಿಸಿದ್ದರು. ಹೋದ ವಾರ ಅದೇ ಜಾಗದಲ್ಲಿ ಒಬ್ಬ ಮುದುಕಿ ತಲೆ ಸುತ್ತಿ ಬಿದ್ದಿದ್ದಳು.

ಮಮತಾ ಇಳಿದು ಹೋಗಿ ತನ್ನ ಛತ್ರಿ ಕೊಟ್ಟಳು.

"ನಿಂಗೆ ಬ್ಯಾಡ್ವೇನವ್ವ?"

"ನಾನು ಒಳಗಿರ್ತೀನಿ ಕಣಜ್ಜಿ." ಹಾಗೆಂದದ್ದು ಅವಳಿಗೇ ಚುಚ್ಚಿತು.

ಸಂಜೆ ಟೀ ಅಂಗಡಿಯಲ್ಲಿ ಗಣೇಶ್ ಸಿಕ್ಕ. ಕಾಲೇಜಿನ ಸಹಪಾಠಿ, ಈಗ ಎದುರಿನ ಪಾರ್ಕಿನ ಎಂಜಿನಿಯರ್.

"ನಮ್ ಯಜಮಾನ್ರೂ ಅಷ್ಟೇ ಕಣೆ," ಎಂದ. "ಬಿಸಿಲಲ್ಲಿ ಕೂತೋರು ಕಣ್ಣಿಗೇ ಬೀಳಲ್ಲ. ನೀವು ಮಾಡಿದ್ದು ಮಾತ್ರ ಕನಸಲ್ಲೂ ಬರ್ತದೆ."

ಮಮತಾ ಲೋಟ ಕೆಳಗಿಟ್ಟಳು. "ಹಂಗಾದ್ರೆ, ನಾವು ವಯಸ್ಸಾದೋರಿಗೆ ಚಪ್ಪರ ಹಾಕಿಸ್ತಿದ್ದೀವಿ ಅಂತ ನಿಮ್ ಯಜಮಾನ್ರಿಗೆ ಹೇಳು."

"ಹಾಕಿಸ್ತಿದ್ದೀರಾ?"

"ಇಲ್ಲ. ನೀವು ಹಾಕಿಸ್ತಿದ್ದೀರಿ ಅಂತ ನಾನು ನಮ್ ಯಜಮಾನ್ರಿಗೆ ಹೇಳ್ತೀನಿ."

ಗಣೇಶನಿಗೆ ನಕ್ಕೂ ನಕ್ಕೂ ಟೀ ನೆತ್ತಿಗೇರಿತು.

ಸ್ವಲ್ಪ ದಿನಕ್ಕೇ ಆಚೆ ಚಪ್ಪರದ ಕಂಬಗಳೆದ್ದವು. ದುರ್ಬೀನಿನಲ್ಲಿ ಅವನ್ನು ಕಂಡ ನರೇಂದ್ರರಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. "ನಮ್ದು ಇನ್ನೂ ಅಗಲ ಇರ್ಲಿ. ಬೆಂಚು, ಫ್ಯಾನು, ಕುಡಿಯೋ ನೀರು, ಏನೂ ಕಮ್ಮಿ ಆಗ್ಬಾರ್ದು!"

ಬೇಸಿಗೆ ರಜೆ ಮುಗಿಯುವ ಮೊದಲು ಅಂಕಮ್ಮ ಇನ್ನೊಬ್ಬ ಮಗಳ ಮಕ್ಕಳನ್ನು ಕರೆತಂದರು. ಛತ್ರಿಯನ್ನೂ ಮರೆಯದೆ ತಂದಿದ್ದರು. ಹೊಸ ಚಪ್ಪರದಡಿ, ಫ್ಯಾನಿನ ಕೆಳಗೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡರು.

"ಯಾವ ಪುಣ್ಯಾತ್ಮ ಮಾಡಿಸ್ದನವ್ವ ಇದ?"

ಮಮತಾ ಕತ್ತು ತಿರುಗಿಸಿ ನೋಡಿದಳು. ಹೊರಗೆ ಸುಡುಬಿಸಿಲಿನಲ್ಲಿ ನರೇಂದ್ರ ನಿಂತಿದ್ದರು. ಅಂಗಿ ಬೆನ್ನಿಗೆ ಅಂಟಿತ್ತು. ದುರ್ಬೀನು ಹಿಡಿದು ಆಚೆಯ ಚಪ್ಪರದ ಅಗಲವನ್ನು ಕಣ್ಣಲ್ಲೇ ಅಳೆಯುತ್ತಿದ್ದರು.

ಅಂಕಮ್ಮ ಮಕ್ಕಳ ಚಪ್ಪಲಿಗಳನ್ನು ಬೆಂಚಿನ ಕೆಳಗೆ ಸರಿಸಿದರು. ಪಕ್ಕಕ್ಕೆ ಜರುಗಿ ಜಾಗ ಮಾಡಿ ಕೂಗಿದರು:

"ಯಾರಪ್ಪಾ ಅದು, ಬಿಸ್ಲಲ್ಲಿ ನಿಂತಿರೋದು? ಬಾ ಮಗ, ಇಲ್ಲಿ ಒಸಿ ಜಾಗ ಐತೆ."