ಸಣ್ಣ ಕಾಣೆ ಮೀನಿನ ಗೆರೆ

ಗಂಗೊಳ್ಳಿಯ ಮೀನು ಮಾರ್ಕೆಟ್ಟಿನಲ್ಲಿ ಗುಲಾಬಿಯ ಕಣ್ಣಿಗೆ ತಕ್ಕಡಿಯೇ ಬೇಡ...

ದೊಡ್ಡ ಕಾಣೆ ಮೀನು ಒಂದು ಪಾಲು, ಸಣ್ಣದು ಇನ್ನೊಂದು ಪಾಲು. ಇಪ್ಪತ್ತು ವರ್ಷದಿಂದ ಕೈ ತಪ್ಪಿದ್ದಿಲ್ಲ.

ಮನೆಯಲ್ಲೂ ಹಾಗೇ ಪಾಲು ಹಾಕಿಬಿಟ್ಟಿದ್ದಳು. ದೊಡ್ಡ ಮಗಳು ಸಹನಾ ಜಾಣೆ, ಕಾಲೇಜಿಗೆ. ಚಿಕ್ಕವಳು ಪವಿತ್ರಾ ಒಂಬತ್ತನೇ ಕ್ಲಾಸಲ್ಲಿ ಫೇಲ್... ಅವಳು ಮೀನು ಬುಟ್ಟಿಗೆ.

ಅವತ್ತು ವ್ಯಾಪಾರ ಮುಗಿಸಿ ಪವಿತ್ರಾಳನ್ನು ಶಾಲೆ ಬಿಡಿಸಿ ಅವಳ ಟೀಸಿ ತರುವುದಿತ್ತು. ಹುಡುಗಿ ತಿಂಡಿಯನ್ನೂ ಮುಟ್ಟಿರಲಿಲ್ಲ.

ಅಷ್ಟರಲ್ಲಿ ಮೀನಿನ ಬಗ್ಗೆ ರಿಸರ್ಚ್ ಮಾಡುವ ನಿಖಿತಾ ಮೇಡಂ ಬಂದರು.

"ಅಕ್ಕ, ಪಾಲು ಹಾಕೋಕೆ ಮುಂಚೆ ಕೊಡಿ. ಹೋದ ಸಲ ನೀವು ಆರಿಸಿ ದೊಡ್ಡದನ್ನೇ ಕೊಟ್ರಿ, ನನ್ನ ಲೆಕ್ಕವೆಲ್ಲ ತಪ್ಪಾಯ್ತು."

ಗುಲಾಬಿಗೆ ನಗು ಬಂತು. "ಸಣ್ಣದ್ ತಕಂಡ್ ಎಂತ ಮಾಡ್ತ್ರಿ ಮೇಡಮ್ಮ?"

ಮೇಡಂ ಅಲ್ಲೇ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ತೆರೆದರು. ಪರದೆಯ ತುಂಬ ಗೆರೆಗಳು...

"ಮೀನಿನ ಕಿವಿಯೊಳಗೆ ಪುಟ್ಟ ಕಲ್ಲಿರುತ್ತೆ. ಅದರ ಉಂಗುರ ಅಳೆದ್ರೆ ಯಾವ ವರ್ಷ ಎಷ್ಟು ಬೆಳೀತು ಅಂತ ಗೊತ್ತಾಗುತ್ತೆ. ಮೊದಲು ಎಲ್ಲ ಮೀನಿಗೂ ಸೇರಿಸಿ ಒಂದೇ ಸರಾಸರಿ ಗೆರೆ ಎಳೀತಿದ್ದೆ. ಈಗ ಒಂದೊಂದಕ್ಕೂ ಅದರದ್ದೇ ಗೆರೆ."

ಒಂದು ಗೆರೆ ಎಲ್ಲದಕ್ಕಿಂತ ಕೆಳಗೆ ಶುರುವಾಗಿ, ಮೂರನೇ ವರ್ಷ ಎಲ್ಲವನ್ನೂ ದಾಟಿತ್ತು.

ಗುಲಾಬಿ ಅದನ್ನೇ ನೋಡಿದಳು. "ಇದ್ ಮದ್ಲನೇ ವರ್ಷವೇ ನನ್ನ ಬುಟ್ಟಿಗೆ ಬಂದಿದ್ರೆ?"

"ಸಣ್ಣ ಪಾಲಿಗೆ ಹಾಕ್ತಿದ್ರಿ ಅಕ್ಕ. ಅಲ್ಲಿಗೆ ಮುಗೀತಿತ್ತು."

"ಎಲ್ಲ ಸಣ್ಣದೂ ಹಿಂಗೇ ಬೆಳೀತಾ?"

"ಇಲ್ಲ. ಆದ್ರೆ ಯಾವುದು ಬೆಳೆಯುತ್ತೆ ಅಂತ ಮೊದಲ ವರ್ಷವೇ ಹೇಳೋಕೆ ನನ್ನಿಂದಲೂ ಆಗಲ್ಲ."

ಗುಲಾಬಿಯ ಕೈ ಬುಟ್ಟಿಯಲ್ಲೇ ನಿಂತುಹೋಯಿತು... ಹೆತ್ತ ಮಗಳಿಗೇ ಹೀಗೆ ಮಾಡಿದೆನಲ್ಲ!

ಮಧ್ಯಾಹ್ನ ಶಾಲೆಯಲ್ಲಿ ಹೆಡ್‌ಮಾಸ್ಟರು ಸಹಿಗೆಂದು ಕಾಗದ ಮುಂದಿಟ್ಟರು. ಬಾಗಿಲ ಬಳಿ ಪವಿತ್ರಾ ತಲೆ ತಗ್ಗಿಸಿ ನಿಂತಿದ್ದಳು.

ಗುಲಾಬಿ ಪೆನ್ನು ಮುಟ್ಟಲಿಲ್ಲ.

"ಟೀಸಿ ಬ್ಯಾಡ ಮಾಷ್ಟ್ರೆ. ಇದೇ ಕ್ಲಾಸಲ್ಲಿ ಇನ್ನೊಂದ್ ವರ್ಷ ಕೂರ್ಲಿ."

ಪವಿತ್ರಾ ತಲೆ ಎತ್ತಿದಳು. ನಂಬಲಾಗದೆ ಅಮ್ಮನ ಮುಖವನ್ನೇ ನೋಡಿದಳು...

"ತಪ್ಪಾಯ್ತ್ ಮಗಾ" ಎಂದಳು ಗುಲಾಬಿ. ಇಬ್ಬರೂ ಅತ್ತರು. ಹೆಡ್‌ಮಾಸ್ಟರು ಕಾಗದ ಮಡಚಿ ಒಳಗಿಟ್ಟರು.

*

ಒಂದು ವರ್ಷದ ಅಳತೆ, ಒಂದು ಬದುಕಿನ ಅಳತೆಯಲ್ಲ.

ನಿಮ್ಮ ಮನೆಯಲ್ಲಿ ಯಾರನ್ನಾದರೂ ನೀವು ಆಗಲೇ ಸಣ್ಣ ಪಾಲಿಗೆ ಸೇರಿಸಿಬಿಟ್ಟಿದ್ದೀರಾ?